ಬೀಜ ಯಾರದು ಎಂದು ಕೇಳಿದ ಮೇಷ್ಟ್ರು: ಪ್ರೊ. ಎಂ.ಡಿ. ನಂಜುಂಡಸ್ವಾಮಿ

ಎಂಟನೇ ತರಗತಿಯ ವಿಜ್ಞಾನದಲ್ಲಿರುವ ಬೆಳೆ ಉತ್ಪಾದನೆ ಮತ್ತು ನಿರ್ವಹಣೆ ಎಂಬ ಪಾಠವನ್ನು ನಮ್ಮಲ್ಲಿ ಅನೇಕ ಪ್ರಶಿಕ್ಷಣಾರ್ಥಿಗಳು ಅಭ್ಯಾಸ ಬೋಧನೆಗೆ ಆರಿಸಿಕೊಳ್ಳುತ್ತೇವೆ. ಮಂಡ್ಯ ಜಿಲ್ಲೆಯ ಶಾಲೆಗಳಲ್ಲಿ ಆ ಪಾಠಕ್ಕೆ ಬೋಧನೋಪಕರಣ ಹುಡುಕಿಕೊಂಡು ಹೋಗಬೇಕಾಗಿಲ್ಲ. ಶಾಲೆಯ ಕಾಂಪೌಂಡ್ ದಾಟಿದರೆ ಕಬ್ಬು, ಭತ್ತ, ರಾಗಿ ಎಲ್ಲವೂ ಇವೆ. ಬೀಜವನ್ನು ನೀರಿಗೆ ಹಾಕಿ ತೇಲಿದ್ದನ್ನು ಬೇರ್ಪಡಿಸುವ ಚಟುವಟಿಕೆ ಮಾಡಿಸುತ್ತೇವೆ, ಮಕ್ಕಳು ಖುಷಿಯಿಂದ ಮಾಡುತ್ತಾರೆ, ವೀಕ್ಷಣೆಗೆ ಬಂದ ಅಧ್ಯಾಪಕರೂ ಒಳ್ಳೆಯ ಷರಾ ಬರೆಯುತ್ತಾರೆ. ಆದರೆ ಆ ಬೀಜ ಎಲ್ಲಿಂದ ಬಂತು, ಮುಂದಿನ ವರ್ಷ ಅದನ್ನೇ ಬಿತ್ತಲು ಆಗುತ್ತದೆಯೇ, ಬಿತ್ತಬಾರದೆಂದು ಹೇಳುವ ಅಧಿಕಾರ ಯಾರಿಗಾದರೂ ಇದೆಯೇ ಎಂಬುದು ಪಾಠದಲ್ಲಿ ಬರುವುದಿಲ್ಲ. ಈ ಪ್ರಶ್ನೆಗಳನ್ನು ಕರ್ನಾಟಕದ ಹಳ್ಳಿಗಳಿಂದ ಎತ್ತಿ ದೆಹಲಿಯ ರಾಜಕಾರಣದೊಳಕ್ಕೆ ತಂದವರಲ್ಲಿ ಪ್ರೊ. ಎಂ.ಡಿ. ನಂಜುಂಡಸ್ವಾಮಿ ಮುಖ್ಯರು. ಅವರು ತೀರಿಕೊಂಡಾಗ ನಾನಿನ್ನೂ ಅಂಗನವಾಡಿ ವಯಸ್ಸಿನ ಮಗು. ನನಗೆ ಅವರು ಗೊತ್ತಾದದ್ದು ಮಳವಳ್ಳಿ ತಾಲ್ಲೂಕಿನ ನಮ್ಮ ಮನೆಯ ಗೂಟಕ್ಕೆ ನೇತುಹಾಕಿದ್ದ ತಾತನ ಹಸಿರು ಶಾಲಿನಿಂದ. ಈ ಬಾರಿ ಮದ್ದೂರಿನ ಪ್ರೌಢಶಾಲೆಯೊಂದರಲ್ಲಿ ಇಂಟರ್ನ್‌ಶಿಪ್ ಮಾಡುವಾಗ ಅವರ ಬದುಕನ್ನು ವಿಜ್ಞಾನದ ಪಾಠದ ಜೊತೆಗೇ ಓದಿಕೊಂಡೆ. ಆ ಓದನ್ನು ಇಲ್ಲಿ ಬರೆದಿದ್ದೇನೆ.

ಮಹಂತದೇವರು ನಂಜುಂಡಸ್ವಾಮಿ ಹುಟ್ಟಿದ್ದು 1936ರ ಫೆಬ್ರವರಿ 13ರಂದು. ಓದಿದ್ದು ಕಾನೂನು. ಹೆಚ್ಚಿನ ವ್ಯಾಸಂಗಕ್ಕೆ ಯುರೋಪಿಗೆ ಹೋಗಿ, ನೆದರ್ಲೆಂಡ್ಸ್‌ನ ಹೇಗ್ ನಗರದಲ್ಲಿ ಅಂತರರಾಷ್ಟ್ರೀಯ ಕಾನೂನನ್ನು ಅಭ್ಯಾಸ ಮಾಡಿದರು. ವಾಪಸು ಬಂದು ಕಾನೂನು ಕಾಲೇಜಿನಲ್ಲಿ ಪಾಠ ಹೇಳಿದರು. ಹಾಗಾಗಿಯೇ ಕೊನೆಯವರೆಗೂ ರೈತರ ಬಾಯಲ್ಲಿ ಅವರು ಪ್ರೊಫೆಸರ್. ನಮ್ಮ ತಾತನೂ ಅವರ ಹೆಸರು ಹಿಡಿದು ಮಾತಾಡಿದ್ದನ್ನು ನಾನು ಕೇಳಿಲ್ಲ, ಪ್ರೊಫೆಸರ್ರು ಎಂದೇ ಹೇಳುವುದು. ಹೊಲದಲ್ಲಿ ಗೇಯ್ದು ನಾಯಕರಾದವರು ರೈತ ಚಳವಳಿಯಲ್ಲಿ ಬಹಳ ಮಂದಿ. ಮೇಷ್ಟ್ರ ಕುರ್ಚಿಯಿಂದ ಎದ್ದು ಬಂದು ನಾಯಕರಾದವರು ಕಡಿಮೆ. ಅವರ ಚಳವಳಿಯ ರೀತಿಯಲ್ಲೆಲ್ಲ ಒಬ್ಬ ಅಧ್ಯಾಪಕನ ಕೈ ಕಾಣುತ್ತದೆ ಎಂಬುದು ನನ್ನ ಅಭಿಪ್ರಾಯ. ಮುಂದೆ ಹೇಳುವ ಸಂಗತಿಗಳನ್ನು ಓದುಗರು ಆ ಕಣ್ಣಿನಿಂದ ನೋಡಬೇಕೆಂದು ಕೋರುತ್ತೇನೆ.

ಅರವತ್ತು ಎಪ್ಪತ್ತರ ದಶಕದಲ್ಲಿ ಅವರು ರಾಮಮನೋಹರ ಲೋಹಿಯಾ ಅವರ ವಿಚಾರಗಳಿಗೆ ಒಲಿದ ಸಮಾಜವಾದಿ. ಪೂರ್ಣಚಂದ್ರ ತೇಜಸ್ವಿ, ಪಿ. ಲಂಕೇಶ್ ಮುಂತಾದವರು ಓಡಾಡುತ್ತಿದ್ದ ಸಮಾಜವಾದಿ ಯುವಜನ ಸಭಾದಲ್ಲಿ ಅವರೂ ಇದ್ದರು. ಜಾತಿ, ಇಂಗ್ಲಿಷಿನ ದರ್ಬಾರು, ಅದ್ಧೂರಿ ಮದುವೆ, ಪುರೋಹಿತಶಾಹಿ ಇವೆಲ್ಲದರ ಮೇಲೆ ಆ ಗುಂಪಿಗೆ ಸಿಟ್ಟಿತ್ತು. ಮುಂದೆ ರೈತ ಸಂಘ ನಡೆಸಿದ ಸರಳ ಮದುವೆಗಳ ಬೇರು ಇಲ್ಲಿಯೇ ಇದೆ. ರೈತನ ಸಾಲಕ್ಕೂ ಮಗಳ ಮದುವೆಗೂ ಇರುವ ನಂಟು ಮಂಡ್ಯದ ಜನಕ್ಕೆ ವಿವರಿಸಿ ಹೇಳಬೇಕಾಗಿಲ್ಲ.

1980ರ ಜುಲೈ 21ರಂದು ನರಗುಂದ ನವಲಗುಂದದ ಕಡೆ ರೈತರು ಬೀದಿಗಿಳಿದರು. ಮಲಪ್ರಭಾ ಯೋಜನೆಯ ನೀರು ಸರಿಯಾಗಿ ಹೊಲಕ್ಕೆ ಹರಿಯುವ ಮೊದಲೇ ಅಭಿವೃದ್ಧಿ ಕರ ಕಟ್ಟಿ ಎಂದು ಸರ್ಕಾರ ಒತ್ತಾಯಿಸಿದ್ದು ಅದಕ್ಕೆ ಕಾರಣ. ಗೋಲಿಬಾರ್ ನಡೆದು ಜೀವಗಳು ಹೋದವು. ಅದೇ ಹೊತ್ತಿಗೆ ಶಿವಮೊಗ್ಗದ ಕಡೆ ಕಬ್ಬು ಬೆಳೆಗಾರರು ಎಚ್.ಎಸ್. ರುದ್ರಪ್ಪ, ಎನ್.ಡಿ. ಸುಂದರೇಶ್ ಮುಂತಾದವರ ನೇತೃತ್ವದಲ್ಲಿ ಸಂಘಟಿತರಾಗುತ್ತಿದ್ದರು. ಈ ಎರಡು ಹೊಳೆ ಸೇರಿದ ಜಾಗದಲ್ಲಿ ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿತು. ನಂಜುಂಡಸ್ವಾಮಿಯವರು ಅದಕ್ಕೆ ವಿಚಾರದ ಬೆನ್ನೆಲುಬಾದರು, ಬಳಿಕ ಅಧ್ಯಕ್ಷರಾದರು. 1983ರಲ್ಲಿ ರಾಜ್ಯದಲ್ಲಿ ಮೊದಲ ಬಾರಿಗೆ ಕಾಂಗ್ರೆಸ್ಸೇತರ ಸರ್ಕಾರ ಬಂದದ್ದರ ಹಿಂದೆ ಈ ರೈತರ ಸಿಟ್ಟೂ ಇತ್ತು.

ಸಂಘ ಅಂದಿನ ಹಳ್ಳಿಗಳಲ್ಲಿ ಮಾಡಿದ್ದೇನು ಎಂಬುದನ್ನು ಹಿರಿಯರು ಇವತ್ತಿಗೂ ಕಣ್ಣರಳಿಸಿ ಹೇಳುತ್ತಾರೆ. ಅನುಮತಿಯಿಲ್ಲದೆ ಅಧಿಕಾರಿಗಳು ಊರೊಳಗೆ ಬರಬಾರದೆಂಬ ಹಲಗೆಗಳು ಊರ ಬಾಗಿಲಲ್ಲಿ ಎದ್ದವು. ಸಾಲ ವಸೂಲಿಗೆ ಬಂದು ಬಾಗಿಲು, ಪಾತ್ರೆ, ಪಂಪ್‌ಸೆಟ್ ಹೊತ್ತೊಯ್ದರೆ ಊರವರೆಲ್ಲ ಒಟ್ಟಾಗಿ ಹೋಗಿ ವಾಪಸು ತರುವುದಕ್ಕೆ ಮರುಜಪ್ತಿ ಎಂಬ ಹೆಸರು ಬಂತು. ಅದುವರೆಗೆ ಅಮಲ್ದಾರರ ಜೀಪು ಕಂಡರೆ ಹಿತ್ತಲ ಬಾಗಿಲಿನಿಂದ ಹೋಗುತ್ತಿದ್ದವರು ಹಸಿರು ಶಾಲು ಹೊದ್ದು ಕಚೇರಿಯ ಮುಂಬಾಗಿಲಿಗೆ ಬಂದರು. ಇದರ ಹಿಂದೆ ಒಂದು ಲೆಕ್ಕವಿತ್ತು. ಬೆಳೆಯಲು ತಗಲುವ ಖರ್ಚಿಗಿಂತ ಕಡಿಮೆ ಬೆಲೆಗೆ ಸರ್ಕಾರವೇ ರೈತನಿಂದ ಧಾನ್ಯ ತೆಗೆದುಕೊಂಡಿದ್ದರೆ, ಅಷ್ಟು ವರ್ಷಗಳ ವ್ಯತ್ಯಾಸವನ್ನು ಕೂಡಿದರೆ, ಬಾಕಿದಾರ ಸರ್ಕಾರವೇ ಹೊರತು ರೈತನಲ್ಲ ಎಂಬುದು ಅವರ ವಾದ. ಗಣಿತ ಬೋಧಿಸುವ ನಮ್ಮ ಸಹಪಾಠಿಗಳು ಲಾಭ ನಷ್ಟದ ಪಾಠಕ್ಕೆ ಅಂಗಡಿಯವನ ಸೇಬಿನ ಬದಲು ಒಂದು ಎಕರೆ ಕಬ್ಬಿನ ಲೆಕ್ಕ ತೆಗೆದುಕೊಂಡು ನೋಡಲಿ. ಬಿತ್ತನೆ ಕಬ್ಬು, ಗೊಬ್ಬರ, ಕಳೆ, ಕಟಾವು, ಸಾಗಾಣಿಕೆ ಎಲ್ಲದರ ಖರ್ಚನ್ನೂ ಮಕ್ಕಳೇ ಮನೆಯಲ್ಲಿ ಕೇಳಿಕೊಂಡು ಬರುತ್ತಾರೆ.

ಮಂಡ್ಯದಲ್ಲಿ ಸಂಘ ಗಟ್ಟಿಯಾಗಿ ಬೇರೂರಿತು. ವಿಶ್ವೇಶ್ವರಯ್ಯ ನಾಲೆಯ ನೀರು, 1933ರಲ್ಲಿ ಸ್ಥಾಪನೆಯಾದ ಮೈಸೂರು ಸಕ್ಕರೆ ಕಂಪನಿ, ಊರೂರಿಗೆ ಆಲೆಮನೆ, ಇವುಗಳ ನಡುವೆ ಬೆಳೆದ ಜನಕ್ಕೆ ಬೆಲೆ, ಬಾಕಿ, ತೂಕ ಎಂಬ ಮೂರು ಮಾತು ನಿತ್ಯದ ಜೀವನ. ಇದಕ್ಕೂ ಮೊದಲೇ ಇಲ್ಲಿ ಹೋರಾಟದ ನೆನಪು ಇತ್ತು. ಮದ್ದೂರಿನ ಪಕ್ಕದ ಶಿವಪುರದಲ್ಲಿ 1938ರಲ್ಲಿ ಧ್ವಜ ಸತ್ಯಾಗ್ರಹ ನಡೆದ ಜಾಗದಲ್ಲಿ ಸೌಧವಿದೆ, ಬೆಂಗಳೂರು ಮೈಸೂರು ಹೆದ್ದಾರಿಯಲ್ಲಿ ಹೋಗುವವರಿಗೆಲ್ಲ ಕಾಣುತ್ತದೆ. ಪಾಂಡವಪುರದ ಕೆ.ಎಸ್. ಪುಟ್ಟಣ್ಣಯ್ಯನವರು ರೈತ ಸಂಘದಿಂದಲೇ ಬೆಳೆದು 1994ರಲ್ಲಿ ಶಾಸಕರಾದರು. ನಂಜುಂಡಸ್ವಾಮಿಯವರೂ ವಿಧಾನಸಭೆ ಕಂಡಿದ್ದರು. 1989ರ ಚುನಾವಣೆಯಲ್ಲಿ ಎರಡು ಕಡೆ ಗೆದ್ದಿದ್ದ ಬಾಬಾಗೌಡ ಪಾಟೀಲರು ತೆರವು ಮಾಡಿದ ಧಾರವಾಡ ಗ್ರಾಮಾಂತರ ಕ್ಷೇತ್ರದಿಂದ ಆಯ್ಕೆಯಾಗಿದ್ದರು. ಆದರೆ ಚುನಾವಣೆ ಅವರ ಬದುಕಿನ ದೊಡ್ಡ ಅಧ್ಯಾಯವಲ್ಲ. ಅಲ್ಲಿ ಸಂಘಕ್ಕೆ ಸಿಕ್ಕಿದ್ದಕ್ಕಿಂತ ಕಳೆದುಹೋದದ್ದೇ ಹೆಚ್ಚು ಅನ್ನಿಸುತ್ತದೆ.

ಪರಿಸರದ ಮಾತು ಈ ಚಳವಳಿಯೊಳಗೆ ಬಂದದ್ದು ನೀಲಗಿರಿ ಮರದ ಮೂಲಕ. ವಿಶ್ವಬ್ಯಾಂಕಿನ ಸಾಲದಲ್ಲಿ ರಾಜ್ಯದಲ್ಲಿ ಸಾಮಾಜಿಕ ಅರಣ್ಯ ಯೋಜನೆ ಶುರುವಾದಾಗ ಅರಣ್ಯ ಇಲಾಖೆಯ ಸಸಿಮಡಿಗಳಲ್ಲಿ ತುಂಬಿಕೊಂಡದ್ದು ಹೆಚ್ಚಾಗಿ ನೀಲಗಿರಿ. ಕೋಲಾರ, ತುಮಕೂರು, ಬೆಂಗಳೂರು ಗ್ರಾಮಾಂತರದ ಕಡೆ ರಾಗಿ ಹೊಲಗಳೇ ನೀಲಗಿರಿ ತೋಪುಗಳಾದವು. 1983ರಲ್ಲಿ ತುಮಕೂರು ಜಿಲ್ಲೆಯ ರೈತರು ಸಸಿಮಡಿಗೆ ನುಗ್ಗಿ ನೀಲಗಿರಿ ಸಸಿಗಳನ್ನು ಕಿತ್ತುಹಾಕಿದರು. ರೈತ ಸಂಘ ಅದನ್ನು ತನ್ನ ಕಾರ್ಯಕ್ರಮವನ್ನಾಗಿ ಮಾಡಿಕೊಂಡಿತು. ಪತ್ರಿಕೆಗಳಿಗೆ ಇದು ವಿಚಿತ್ರವಾಗಿ ಕಂಡಿರಬೇಕು, ಮರ ನೆಡುವ ಯೋಜನೆಗೆ ವಿರೋಧ ಯಾರು ಮಾಡುತ್ತಾರೆ! ಆದರೆ ಸಸ್ಯಶಾಸ್ತ್ರ ಓದಿದವರಿಗೆ ವಿಷಯ ಅರ್ಥವಾಗುತ್ತದೆ. ಬೇಗ ಬೆಳೆಯುವ ಮರ ನೆಲದಾಳದ ತೇವವನ್ನು ಬೇಗನೆ ಎಳೆದುಕೊಳ್ಳುತ್ತದೆ, ಅದರ ಎಲೆ ದನಕ್ಕೆ ಮೇವಾಗುವುದಿಲ್ಲ. ಇನ್ನೊಂದು ಮಾತು ಪಠ್ಯದಲ್ಲಿ ಇಲ್ಲದ್ದು. ರಾಗಿ ಹೊಲದಲ್ಲಿ ಬಿತ್ತನೆ, ಕಳೆ, ಕೊಯ್ಲು, ಕಣ ಎಂದು ವರ್ಷದಲ್ಲಿ ಎಷ್ಟೋ ದಿನ ಕೂಲಿ ಇರುತ್ತದೆ. ನೀಲಗಿರಿ ನೆಟ್ಟರೆ ಏಳೆಂಟು ವರ್ಷ ಜಮೀನಿನವನು ಆ ಕಡೆ ತಿರುಗಿ ನೋಡಬೇಕಾಗಿಲ್ಲ. ಕೂಲಿಯವರ ರಾಗಿಯೂ ಹೋಯಿತು, ಕೆಲಸವೂ ಹೋಯಿತು. ಪರಿಸರ ಮತ್ತು ಸಾಮಾಜಿಕ ನ್ಯಾಯ ಬೇರೆ ಬೇರೆ ಘಟಕಗಳಲ್ಲ ಎಂಬುದಕ್ಕೆ ತರಗತಿಯಲ್ಲಿ ಕೊಡಲು ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ಸಿಕ್ಕಿಲ್ಲ. ರಾಜ್ಯ ಸರ್ಕಾರವೇ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿದ್ದು 2017ರಲ್ಲಿ.

ಈಗ ಬೀಜದ ಕಥೆಗೆ ಬರುತ್ತೇನೆ. 1991ರ ಡಿಸೆಂಬರ್‌ನಲ್ಲಿ ಗ್ಯಾಟ್ ಒಪ್ಪಂದದ ಮಹಾನಿರ್ದೇಶಕ ಆರ್ಥರ್ ಡಂಕೆಲ್ ವಿಶ್ವ ವ್ಯಾಪಾರದ ಕರಡೊಂದನ್ನು ಮುಂದಿಟ್ಟರು. ನೂರಾರು ಪುಟಗಳ, ಕಾನೂನಿನ ಇಂಗ್ಲಿಷಿನಲ್ಲಿದ್ದ ಕಾಗದ. ಅದರಲ್ಲಿ ಬೌದ್ಧಿಕ ಆಸ್ತಿ ಎಂಬ ಭಾಗವೊಂದಿತ್ತು. ಸಸ್ಯ ತಳಿಗಳಿಗೆ ಪ್ರತಿಯೊಂದು ದೇಶವೂ ಪೇಟೆಂಟ್ ಕೊಡಬೇಕು, ಇಲ್ಲವೇ ಅದಕ್ಕೆ ಸಮನಾದ ಬೇರೊಂದು ಪರಿಣಾಮಕಾರಿ ರಕ್ಷಣೆ ಕೊಡಬೇಕು ಎಂಬುದು ಅದರ ತಾತ್ಪರ್ಯ. ಸಂಸತ್ತಿನಲ್ಲೇ ಅದನ್ನು ಪೂರ್ತಿ ಓದಿದವರು ಎಷ್ಟು ಜನರಿದ್ದರೋ. ನಂಜುಂಡಸ್ವಾಮಿಯವರು ಅಂತರರಾಷ್ಟ್ರೀಯ ಕಾನೂನು ಓದಿದ್ದು ಇಲ್ಲಿ ಕೆಲಸಕ್ಕೆ ಬಂತು. ಅವರು ಅದನ್ನು ಓದಿ, ಕನ್ನಡದಲ್ಲಿ, ಊರ ಅರಳಿಕಟ್ಟೆಯಲ್ಲಿ ಕೂತ ಜನಕ್ಕೆ ಅರ್ಥವಾಗುವಂತೆ ಬಿಡಿಸಿ ಹೇಳಿದರು. ರೈತ ಸಂಘದ ಅಧ್ಯಯನ ಶಿಬಿರಗಳೆಂದರೆ ಭಾಷಣ ಮಾತ್ರವಾಗಿರಲಿಲ್ಲ, ಅವು ತರಗತಿಗಳು. ಗೊತ್ತಿರುವುದರಿಂದ ಗೊತ್ತಿಲ್ಲದ್ದಕ್ಕೆ ಹೋಗಬೇಕೆಂದು ನಮಗೆ ಮೊದಲ ಸೆಮಿಸ್ಟರಿನಲ್ಲಿ ಹೇಳಿಕೊಟ್ಟ ಬೋಧನಾ ಸೂತ್ರವನ್ನು ಅವರು ಪಾಲಿಸಿದರು. ಗೊತ್ತಿದ್ದದ್ದು ವಾಡೆಯಲ್ಲಿಟ್ಟ ಬಿತ್ತನೆ ರಾಗಿ, ಗೊತ್ತಿಲ್ಲದ್ದು ಜಿನೀವಾದ ಕರಡು.

ಈ ಭಾಗವನ್ನು ನಾನು ಮದ್ದೂರಿನ ಶಾಲೆಯಲ್ಲಿ ಹತ್ತನೇ ತರಗತಿಯ ಅನುವಂಶೀಯತೆಯ ಪಾಠದೊಂದಿಗೆ ಜೋಡಿಸಿದೆ. ಮೆಂಡೆಲ್‌ನ ಎತ್ತರ ಮತ್ತು ಗಿಡ್ಡ ಬಟಾಣಿ ಗಿಡಗಳನ್ನು ಮಕ್ಕಳು ಬಾಯಿಪಾಠ ಮಾಡಿರುತ್ತಾರೆ, ಎರಡನೇ ಪೀಳಿಗೆಯಲ್ಲಿ 3:1 ಎಂದು ಕೂಗುತ್ತಾರೆ. ಅಂಗಡಿಯಿಂದ ತಂದ ಹೈಬ್ರಿಡ್ ಮುಸುಕಿನ ಜೋಳದ ಬೀಜವೇ ಮೊದಲ ಪೀಳಿಗೆ ಎಂದೂ, ಅದರಿಂದ ಬೆಳೆದ ತೆನೆಯ ಕಾಳನ್ನು ಮತ್ತೆ ಬಿತ್ತಿದರೆ ಬರುವುದೇ ಎರಡನೇ ಪೀಳಿಗೆ ಎಂದೂ ಹೇಳಿದಾಗ ಒಂದಿಬ್ಬರು ತಾವಾಗಿಯೇ ಹೇಳಿದರು, ಹಾಗಾದರೆ ಗಿಡಗಳು ಒಂದೇ ಸಮ ಬರುವುದಿಲ್ಲ ಎಂದು. ಅದಕ್ಕೇ ಪ್ರತಿವರ್ಷ ಅಂಗಡಿಗೆ ಹೋಗಬೇಕು. ರಾಗಿ ಹಾಗಲ್ಲ, ಅದು ಸ್ವಕೀಯ ಪರಾಗಸ್ಪರ್ಶದ ಬೆಳೆ, ಒಳ್ಳೆಯ ತೆನೆ ಆರಿಸಿ ಇಟ್ಟುಕೊಂಡರೆ ತಳಿ ಹಾಗೇ ಉಳಿಯುತ್ತದೆ. ನಮ್ಮ ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕಾದ ರಾಗಿಗಳನ್ನು ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟರು. ರೈತರು ಒಮ್ಮೆ ತಂದ ಆ ಬೀಜವನ್ನೇ ಮತ್ತೆ ಮತ್ತೆ ಬಿತ್ತಿದರು, ನೆಂಟರಿಗೂ ಕೊಟ್ಟರು. ಕಬ್ಬಿಗಂತೂ ಬೀಜದ ಮಾತೇ ಇಲ್ಲ, ಗೆಣ್ಣಿನ ತುಂಡು ನೆಟ್ಟರಾಯಿತು, ಕಡಿದ ಮೇಲೆ ಕೂಳೆ ಬರುತ್ತದೆ. ಒಂದೇ ಜಿಲ್ಲೆಯ ಮೂರು ಬೆಳೆಗಳಲ್ಲಿ ಬೀಜದೊಂದಿಗೆ ರೈತನಿಗೆ ಮೂರು ಬಗೆಯ ಸಂಬಂಧ. ವಿಜ್ಞಾನ ಗೊತ್ತಾದ ಮೇಲೆ ರಾಜಕೀಯ ತಾನಾಗಿ ಕಣ್ಣಿಗೆ ಬೀಳುತ್ತದೆ. ನಂಜುಂಡಸ್ವಾಮಿಯವರು ಕಾನೂನಿನ ಕಡೆಯಿಂದ ಬಂದು ಮುಟ್ಟಿದ ಜಾಗಕ್ಕೆ ಈ ಮಕ್ಕಳು ಮೆಂಡೆಲ್‌ನ ಕಡೆಯಿಂದ ಬಂದರು.

1992ರ ಡಿಸೆಂಬರ್ 29ರಂದು ರೈತ ಸಂಘದವರು ಬೆಂಗಳೂರಿನಲ್ಲಿದ್ದ ಕಾರ್ಗಿಲ್ ಬೀಜ ಕಂಪನಿಯ ಕಚೇರಿಗೆ ನುಗ್ಗಿ ಕಡತಗಳನ್ನು ಹೊರಗೆಸೆದು ಸುಟ್ಟರು. 1993ರ ಜುಲೈನಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದಲ್ಲಿ ಅದೇ ಕಂಪನಿ ಕಟ್ಟುತ್ತಿದ್ದ ಬೀಜ ಸಂಸ್ಕರಣಾ ಘಟಕವನ್ನು ಕೆಡವಿದರು. ಆ ವರ್ಷದ ಮಾರ್ಚ್‌ನಲ್ಲಿ ಮಹೇಂದ್ರ ಸಿಂಗ್ ಟಿಕಾಯತ್ ಮುಂತಾದ ಉತ್ತರ ಭಾರತದ ನಾಯಕರೊಂದಿಗೆ ದೆಹಲಿಯಲ್ಲಿ, ಅಕ್ಟೋಬರ್ 2ರಂದು ಬೆಂಗಳೂರಿನಲ್ಲಿ ದೊಡ್ಡ ಸಮಾವೇಶಗಳು ನಡೆದವು. ಬೀಜ ಸತ್ಯಾಗ್ರಹ ಎಂಬ ಹೆಸರಿನಲ್ಲಿ ಗಾಂಧಿಯವರ ಉಪ್ಪು ಇತ್ತು. ಉಪ್ಪಿನಂತೆಯೇ ಬೀಜವೂ ಎಲ್ಲರಿಗೂ ಬೇಕಾದದ್ದು, ಯಾರೊಬ್ಬರೂ ತಾನೇ ಮಾಡಿದೆ ಎಂದು ಹೇಳಿಕೊಳ್ಳಲಾಗದ್ದು. ದೇಶದ ರೈತರೆಲ್ಲ ಒಂದೇ ದನಿಯಲ್ಲಿದ್ದರು ಎಂದು ಮಾತ್ರ ಹೇಳಬಾರದು. ಮಹಾರಾಷ್ಟ್ರದ ಶೇತ್ಕರಿ ಸಂಘಟನೆಯ ಶರದ್ ಜೋಶಿಯವರು ಮುಕ್ತ ಮಾರುಕಟ್ಟೆಯೇ ರೈತನಿಗೆ ಬಿಡುಗಡೆ ಎಂದು ನಂಬಿ ಡಂಕೆಲ್ ಕರಡನ್ನು ಬೆಂಬಲಿಸಿದರು. ಇಬ್ಬರೂ ರೈತನ ಬೆಲೆಯ ಪ್ರಶ್ನೆಯಿಂದಲೇ ಹೊರಟವರು, ಸೇರಿದ್ದು ಎದುರುಬದುರು ದಿಕ್ಕಿಗೆ. ಸಮಾಜ ವಿಜ್ಞಾನದ ಪ್ರಶಿಕ್ಷಣಾರ್ಥಿಗಳು ಚರ್ಚಾಕೂಟ ಏರ್ಪಡಿಸುವುದಾದರೆ ಇವರಿಬ್ಬರ ವಾದಗಳನ್ನು ಎರಡು ಪಕ್ಷವಾಗಿ ಕೊಡಬಹುದು. ಮಕ್ಕಳು ನೈಜವಾಗಿ ವಾದಿಸುತ್ತಾರೆ, ಏಕೆಂದರೆ ಎರಡು ಕಡೆಯೂ ಅವರ ಮನೆಯಲ್ಲೇ ಇರುತ್ತದೆ.

ಕಚೇರಿಗೆ ನುಗ್ಗಿದ್ದನ್ನು ಮಕ್ಕಳ ಮುಂದೆ ಹೇಳಬೇಕೋ ಬೇಡವೋ ಎಂಬುದು ಶಿಕ್ಷಕರ ಕೋಣೆಯಲ್ಲಿ ಚರ್ಚೆಯಾಯಿತು. ಕಟ್ಟಡ ಕೆಡವಿದರೂ ಮನುಷ್ಯರ ಮೈಮುಟ್ಟದಿದ್ದರೆ ಅದು ಅಹಿಂಸೆಯೇ ಎಂಬುದು ಸಂಘದ ನಿಲುವು. ನನಗೆ ಈ ವಾದ ಪೂರ್ತಿ ಒಪ್ಪಿಗೆಯಿಲ್ಲ. ಉಪ್ಪು ಮಾಡುವುದು ಬೇರೆ, ಇನ್ನೊಬ್ಬರ ಕಡತಕ್ಕೆ ಬೆಂಕಿ ಇಡುವುದು ಬೇರೆ, ಆ ಕಚೇರಿಯಲ್ಲಿ ಗುಮಾಸ್ತರಾಗಿದ್ದವರಿಗೆ ಅಂದು ಹೆದರಿಕೆ ಆಗಿರಲೇಬೇಕು. ಹಾಗೆಂದು ನಡೆದದ್ದನ್ನು ಮರೆಮಾಚಿ ಹೇಳಿದರೆ ಅದು ಜೀವನಚರಿತ್ರೆ ಆಗುವುದಿಲ್ಲ. 1996ರ ಜನವರಿಯಲ್ಲಿ ಬೆಂಗಳೂರಿನ ಕೆಂಟಕಿ ಚಿಕನ್ ಅಂಗಡಿಯ ಗಾಜು ಒಡೆದ ಪ್ರಸಂಗವನ್ನೂ ನಾನು ಚಿಕ್ಕದಾಗಿ ಹೇಳಿ ಮುಂದೆ ಹೋದೆ. ಮಕ್ಕಳಿಗೆ ಅದೇ ಹೆಚ್ಚು ರುಚಿಸಿತು ಎಂಬುದು ಬೇರೆ ಮಾತು!

1998ರಲ್ಲಿ ಮಾನ್ಸಾಂಟೊ ಕಂಪನಿ ಕಾರ್ಗಿಲ್‌ನ ಹೊರದೇಶಗಳ ಬೀಜ ವ್ಯವಹಾರವನ್ನು ಕೊಂಡಿತು. ಅದೇ ವರ್ಷ ನಮ್ಮ ಮಹಾರಾಷ್ಟ್ರ ಮೂಲದ ಮಹಿಕೋ ಕಂಪನಿಯಲ್ಲಿ ಪಾಲು ಪಡೆಯಿತು. ಬಿಟಿ ಹತ್ತಿಯ ಪ್ರಾಯೋಗಿಕ ಬೆಳೆ ಕೆಲವು ರಾಜ್ಯಗಳ ಹೊಲಗಳಲ್ಲಿ ಗುಟ್ಟಾಗಿ ಎದ್ದು ನಿಂತಿತ್ತು. ಯಾರ ಹೊಲದಲ್ಲಿ ಏನು ಬೆಳೆಯುತ್ತಿದೆ ಎಂಬುದು ಪಕ್ಕದ ಹೊಲದವನಿಗೂ ಗೊತ್ತಿರಲಿಲ್ಲ. ಆ ನವೆಂಬರ್‌ನಲ್ಲಿ ನಂಜುಂಡಸ್ವಾಮಿಯವರ ನೇತೃತ್ವದಲ್ಲಿ ರಾಯಚೂರು ಜಿಲ್ಲೆಯಲ್ಲಿ ಅಂಥ ಹತ್ತಿ ಗಿಡಗಳನ್ನು ಕಿತ್ತು ಸುಟ್ಟರು. ಮುಂಚಿತವಾಗಿ ದಿನ ಹೇಳಿ, ಪತ್ರಕರ್ತರನ್ನು ಕರೆದು, ಹೊಲದ ಮಾಲೀಕನಿಗೆ ಪರಿಹಾರದ ಭರವಸೆ ಕೊಟ್ಟು ಮಾಡಿದ ಕೆಲಸ ಅದು.

ಇಲ್ಲಿ ವಿಜ್ಞಾನ ಶಿಕ್ಷಕರಾಗುವವರು ಒಂದು ವಿಷಯವನ್ನು ಬಿಡಿಸಿಕೊಳ್ಳಬೇಕು. ಅದೇ ವರ್ಷ ಮಾರ್ಚ್‌ನಲ್ಲಿ ಅಮೆರಿಕದಲ್ಲಿ ಟರ್ಮಿನೇಟರ್ ಎಂದು ಹೆಸರಾದ ತಂತ್ರಕ್ಕೆ ಪೇಟೆಂಟ್ ಸಿಕ್ಕಿತ್ತು, ಎಂದರೆ ಬೆಳೆದ ಕಾಳು ಮತ್ತೆ ಮೊಳೆಯದಂತೆ ಮಾಡುವ ವಿದ್ಯೆ. ಚಳವಳಿಯ ಪ್ರಚಾರದಲ್ಲಿ ಬಿಟಿ ಮತ್ತು ಟರ್ಮಿನೇಟರ್ ಎರಡೂ ಕಲಸಿಹೋದವು. ವಾಸ್ತವದಲ್ಲಿ ಬಿಟಿ ಹತ್ತಿಯಲ್ಲಿದ್ದದ್ದು ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಎಂಬ ಮಣ್ಣಿನ ಬ್ಯಾಕ್ಟೀರಿಯಾದ ಜೀನು, ಅದು ಕಾಯಿಕೊರಕ ಹುಳುವಿಗೆ ವಿಷವಾಗುವ ಪ್ರೋಟೀನು ತಯಾರಿಸುತ್ತದೆ. ಅದರ ಬೀಜ ಮೊಳೆಯುತ್ತದೆ. ಟರ್ಮಿನೇಟರ್ ಬೀಜ ಎಲ್ಲಿಯೂ ಮಾರುಕಟ್ಟೆಗೆ ಬರಲಿಲ್ಲ, 1999ರಲ್ಲಿ ಮಾನ್ಸಾಂಟೊ ತಾನು ಅದನ್ನು ವಾಣಿಜ್ಯಕ್ಕೆ ತರುವುದಿಲ್ಲವೆಂದು ಘೋಷಿಸಿತು. ಆ ಘೋಷಣೆಗೆ ಜಗತ್ತಿನಾದ್ಯಂತ ಎದ್ದ ವಿರೋಧ ಕಾರಣ, ಅದರಲ್ಲಿ ರಾಯಚೂರಿನ ಹೊಗೆಯೂ ಇತ್ತು. ಚಳವಳಿಯ ಆತಂಕ ನ್ಯಾಯವಾದದ್ದೇ, ಅದರ ಜೀವಶಾಸ್ತ್ರ ಮಾತ್ರ ಕೆಲವೊಮ್ಮೆ ಸಡಿಲವಾಗಿತ್ತು. ಎರಡನ್ನೂ ಒಟ್ಟಿಗೆ ಹೇಳಲು ವಿಜ್ಞಾನದ ಮೇಷ್ಟ್ರಿಗೆ ಸಂಕೋಚವಿರಬಾರದು. 2002ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಬಿಟಿ ಹತ್ತಿಗೆ ಒಪ್ಪಿಗೆ ಕೊಟ್ಟಿತು, ದೇಶದ ಹತ್ತಿ ಹೊಲಗಳಲ್ಲಿ ಹೆಚ್ಚಿನ ಪಾಲನ್ನು ಅದು ಆವರಿಸಿತು. ಮುಂದೆ ಗುಲಾಬಿ ಕಾಯಿಕೊರಕ ಆ ವಿಷಕ್ಕೇ ಒಗ್ಗಿಕೊಂಡಿತು. ಜೀವವಿಕಾಸದ ಪಾಠಕ್ಕೆ ಡಾರ್ವಿನ್‌ನ ಗುಬ್ಬಿಗಳಷ್ಟೇ ಒಳ್ಳೆಯ ಉದಾಹರಣೆ ಇದು.

1999ರ ಬೇಸಿಗೆಯಲ್ಲಿ ಭಾರತದ ನೂರಾರು ರೈತರನ್ನು ಯುರೋಪಿನ ಊರೂರು ಸುತ್ತಿಸಿದ ಅಂತರಖಂಡ ಜಾಥಾದ ಹಿಂದೆಯೂ ಅವರಿದ್ದರು. ಜರ್ಮನಿಯ ಕಲೋನ್ ನಗರದಲ್ಲಿ ಜೂನ್‌ನಲ್ಲಿ ಶ್ರೀಮಂತ ದೇಶಗಳ ಶೃಂಗಸಭೆ ನಡೆಯುವ ಹೊತ್ತಿಗೆ ಅದು ಅಲ್ಲಿಗೆ ಮುಟ್ಟಿತು. ಪಂಚೆ, ಪೇಟ, ಸೀರೆಯ ಜನ ಬಹುರಾಷ್ಟ್ರೀಯ ಕಂಪನಿಗಳ ಬಾಗಿಲಲ್ಲಿ ನಿಂತರು.

ನನ್ನ ತರಗತಿಯಲ್ಲಿ ಈ ಕಥೆ ಮುಗಿಯುವಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, ತಮಗೆ ಜಮೀನಿಲ್ಲ, ಅವ್ವ ಕಬ್ಬು ಕಡಿಯಲು, ನಾಟಿ ಹಾಕಲು ಹೋಗುತ್ತಾಳೆ, ಹಾಗಾದರೆ ಅವ್ವ ರೈತಳಾ, ಈ ಪ್ರೊಫೆಸರ್ರು ಅವ್ವನ ಪರವಾಗಿಯೂ ಇದ್ದರಾ ಎಂದು ಕೇಳಿದಳು. ಪಾಠಯೋಜನೆಯಲ್ಲಿ ನಿರೀಕ್ಷಿತ ಉತ್ತರ ಎಂಬ ಅಂಕಣವಿರುತ್ತದೆ, ನಿರೀಕ್ಷಿತ ಪ್ರಶ್ನೆ ಎಂಬ ಅಂಕಣ ಇರುವುದಿಲ್ಲ. ಮಾರನೆಯ ದಿನ ಅವಳಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ನಂಜುಂಡಸ್ವಾಮಿಯವರ ಸ್ವಂತ ವಿಚಾರದಲ್ಲಿ ಜಾತಿಗೆ ಜಾಗವಿರಲಿಲ್ಲ, ಸಮಾಜವಾದಿಯಾಗಿ ಅವರು ಅದರ ವಿರುದ್ಧವೇ ಬೆಳೆದವರು. ಆದರೆ ರೈತ ಸಂಘದ ಬೆನ್ನಿಗೆ ನಿಂತವರಲ್ಲಿ ಹೆಚ್ಚಿನವರು ಜಮೀನಿದ್ದವರು, ಭೂಮಿಯಿದ್ದ ಜಾತಿಗಳವರು. ಕಬ್ಬಿನ ಬೆಲೆ ಸಂಘದ ಬೇಡಿಕೆಯ ಮೊದಲ ಸಾಲಿನಲ್ಲಿತ್ತು, ಕಬ್ಬು ಕಡಿಯುವವರ ಕೂಲಿ ಆ ಸಾಲಿನಲ್ಲಿ ಇರಲಿಲ್ಲ. ಅದೇ ಎಪ್ಪತ್ತು ಎಂಬತ್ತರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಭೂಮಿಯ ಪ್ರಶ್ನೆ, ಘನತೆಯ ಪ್ರಶ್ನೆ ಹಿಡಿದು ಬೇರೆಯೇ ದಾರಿಯಲ್ಲಿ ನಡೆಯಿತು. ಎರಡೂ ಚಳವಳಿಗಳು ಒಂದೇ ಊರಿನ ಎರಡು ಕೇರಿಗಳಲ್ಲಿದ್ದವು, ಒಂದಾಗಿ ನಡೆದದ್ದು ಅಪರೂಪ. ಇದು ಅವರ ಬದುಕಿನ ದೊಡ್ಡ ಕೊರತೆ ಎಂದೇ ನಾನು ಭಾವಿಸುತ್ತೇನೆ. ಆ ಹುಡುಗಿಯ ತಾಯಿಯ ಕೈಯಲ್ಲಿ ಎಷ್ಟು ಬೀಜ ಜ್ಞಾನವಿದೆ ಎಂಬುದನ್ನು ಯಾವ ಕಾನೂನೂ ಲೆಕ್ಕಕ್ಕೆ ಹಿಡಿದಿಲ್ಲ. ಅವರೆ, ತೊಗರಿಗೆ ಕೆಮ್ಮಣ್ಣು ಕಟ್ಟುವುದು, ಕಾಳಿಗೆ ಬೂದಿ ಬೆರೆಸಿ ಬೇವಿನ ಸೊಪ್ಪು ಹಾಕುವುದು, ತೆನೆ ಆರಿಸುವುದು ಇವೆಲ್ಲ ಹೆಚ್ಚಾಗಿ ಹೆಂಗಸರ ಕೆಲಸ, ಅದರಲ್ಲೂ ಕೂಲಿಗೆ ಬಂದ ಹೆಂಗಸರ ಕೆಲಸ.

2001ರಲ್ಲಿ ಸಂಸತ್ತು ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯನ್ನು ಅಂಗೀಕರಿಸಿತು. ವಿಶ್ವ ವ್ಯಾಪಾರ ಸಂಸ್ಥೆಗೆ ಕೊಟ್ಟ ಮಾತಿನಂತೆ ತಳಿ ಅಭಿವೃದ್ಧಿ ಮಾಡಿದವರಿಗೆ ಹಕ್ಕು ಕೊಟ್ಟದ್ದು ಒಂದು ಕಡೆ. ಇನ್ನೊಂದು ಕಡೆ, ಅದರ 39ನೇ ಕಲಮಿನಲ್ಲಿ ರೈತ ತನ್ನ ಬೆಳೆಯ ಬೀಜವನ್ನು ಉಳಿಸಿಕೊಳ್ಳಬಹುದು, ಮತ್ತೆ ಬಿತ್ತಬಹುದು, ಹಂಚಬಹುದು, ಮಾರಲೂಬಹುದು, ಕಂಪನಿಯ ಹೆಸರು ಹಾಕಿ ಮಾತ್ರ ಮಾರಬಾರದು ಎಂದು ಸ್ಪಷ್ಟವಾಗಿ ಬರೆಯಿತು. ಬೀಜ ಸತ್ಯಾಗ್ರಹವೊಂದೇ ಇದಕ್ಕೆ ಕಾರಣವಲ್ಲ, ದೇಶದ ಉದ್ದಗಲಕ್ಕೂ ಹಲವರು ದುಡಿದರು. ಆದರೆ ಹತ್ತು ವರ್ಷ ಬೀದಿಯಲ್ಲಿ ಕೇಳಿದ ಪ್ರಶ್ನೆಯೊಂದು ಕಾನೂನಿನ ಪುಸ್ತಕ ಸೇರಿದ್ದು ನಿಜ. 2019ರಲ್ಲಿ ಗುಜರಾತಿನ ಆಲೂಗಡ್ಡೆ ಬೆಳೆಗಾರರ ಮೇಲೆ ಪೆಪ್ಸಿಕೊ ಹೂಡಿದ ದಾವೆಗಳನ್ನು ಹಿಂತೆಗೆದುಕೊಂಡಾಗ ರೈತರ ಪರ ನಿಂತವರು ಮುಂದಿಟ್ಟದ್ದು ಇದೇ ಕಲಮನ್ನು.

ಕೊನೆಯ ವರ್ಷಗಳು ಸುಲಭದ್ದಾಗಿರಲಿಲ್ಲ. ಸಂಘ ಒಡೆಯಿತು, ಮಂಡ್ಯದ ಬಹುಪಾಲು ಪುಟ್ಟಣ್ಣಯ್ಯನವರ ಕಡೆ ಉಳಿಯಿತು. ತೆಂಗಿಗೆ ನುಸಿ ಪೀಡೆ ಬಂದು ಕಾಯಿ ಕಿರಿದಾದಾಗ ಮದ್ದೂರು, ಚನ್ನಪಟ್ಟಣದ ರೈತರು ನೀರಾ ಇಳಿಸುವ ಹಕ್ಕು ಕೇಳಿದರು. 2001ರಲ್ಲಿ ಚನ್ನಪಟ್ಟಣ ತಾಲ್ಲೂಕಿನ ವಿಠಲೇನಹಳ್ಳಿಯಲ್ಲಿ ಗೋಲಿಬಾರ್ ಆಗಿ ಇಬ್ಬರು ರೈತರು ಸತ್ತರು. ಅದರ ಬೆನ್ನಿಗೇ ಬರಗಾಲ, ಆತ್ಮಹತ್ಯೆಗಳು. ಅಂಥ ಹೊತ್ತಿನಲ್ಲಿ ನಂಜುಂಡಸ್ವಾಮಿಯವರು ಚಾಮರಾಜನಗರ ಜಿಲ್ಲೆಯಲ್ಲಿ ಅಮೃತಭೂಮಿ ಎಂಬ ಕೇಂದ್ರಕ್ಕೆ ಅಡಿಪಾಯ ಹಾಕಿದರು. ದೇಸಿ ಬೀಜ, ರಾಸಾಯನಿಕವಿಲ್ಲದ ಬೇಸಾಯ, ರೈತರಿಗೆ ತರಬೇತಿ ಅದರ ಉದ್ದೇಶ. ಹೋರಾಟಗಾರ ಮತ್ತೆ ಮೇಷ್ಟ್ರಾದರು ಅನ್ನಬೇಕು. ಕ್ಯಾನ್ಸರ್ ಅವರನ್ನು ಹೆಚ್ಚು ದಿನ ಬಿಡಲಿಲ್ಲ. 2004ರ ಫೆಬ್ರವರಿ 3ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಅರವತ್ತೆಂಟು ತುಂಬಲು ಹತ್ತು ದಿನ ಬಾಕಿಯಿತ್ತು. ಆರು ವರ್ಷಗಳ ಬಳಿಕ, 2010ರ ಫೆಬ್ರವರಿಯಲ್ಲಿ, ಬಿಟಿ ಬದನೆಯ ಬಗ್ಗೆ ಕೇಂದ್ರ ಪರಿಸರ ಸಚಿವರು ಬೆಂಗಳೂರೂ ಸೇರಿದಂತೆ ಹಲವು ನಗರಗಳಲ್ಲಿ ಸಾರ್ವಜನಿಕ ಸಭೆ ನಡೆಸಿ, ರೈತರ ಮಾತು ಕೇಳಿ, ಕೊನೆಗೆ ತಡೆ ಹಾಕಿದರು. 1998ರಲ್ಲಿ ಗುಟ್ಟಾಗಿ ನಡೆದಿದ್ದ ಕೆಲಸ ಈಗ ಬಯಲಿಗೆ ಬಂದು ಅನುಮತಿ ಕೇಳಬೇಕಾಗಿತ್ತು.

ಮುಂದಿನ ತಂಡದವರು ಈ ಪಾಠವನ್ನು ತೆಗೆದುಕೊಳ್ಳುವುದಾದರೆ ಮಳವಳ್ಳಿ ತಾಲ್ಲೂಕಿನ ಕಿರುಗಾವಲಿಗೆ ಮಕ್ಕಳನ್ನು ಒಂದು ದಿನ ಕರೆದುಕೊಂಡು ಹೋಗಿ. ಅಲ್ಲಿನ ರೈತರೊಬ್ಬರು ನೂರಾರ ದೇಸಿ ಭತ್ತದ ತಳಿಗಳನ್ನು ವರ್ಷವರ್ಷವೂ ಬಿತ್ತಿ ಉಳಿಸಿಕೊಂಡಿದ್ದಾರೆ. ಕಪ್ಪು ಅಕ್ಕಿ, ಕೆಂಪು ಅಕ್ಕಿ, ಪರಿಮಳದ ಅಕ್ಕಿ ಎಲ್ಲವನ್ನೂ ಕೈಯಲ್ಲಿ ಹಿಡಿದು ನೋಡಬಹುದು. ಹೋಗಲು ಆಗದಿದ್ದರೆ ಮನೆಯಿಂದ ಬೀಜ ತರಿಸಿ. ನಮ್ಮ ತರಗತಿಯಲ್ಲಿ ಹನ್ನೊಂದು ಬಗೆ ಬಂದವು, ಹಾರ್ಲಿಕ್ಸ್ ಬಾಟಲಿಗಳಲ್ಲಿ ಹಾಕಿ, ಯಾರ ಮನೆಯದು, ಎಷ್ಟು ವರ್ಷದಿಂದ ಇದೆ ಎಂದು ಚೀಟಿ ಅಂಟಿಸಿದೆವು. ಆ ಹುಡುಗಿ ತಂದ ಅವರೆಯ ಚೀಟಿಯ ಮೇಲೆ ಜಮೀನಿನ ಯಜಮಾನರ ಹೆಸರು ಬರೆಯಬೇಕೋ ಅವ್ವನ ಹೆಸರು ಬರೆಯಬೇಕೋ ಎಂದು ಕೇಳಿದಳು. ಕಾಳು ಕೂಲಿಯ ಬದಲಿಗೆ ಸಿಕ್ಕಿದ್ದು, ಕೆಮ್ಮಣ್ಣು ಕಟ್ಟಿ ನಾಲ್ಕು ವರ್ಷ ಕಾಪಾಡಿದ್ದು ಅವ್ವ. ತರಗತಿಯವರೇ ಮಾತಾಡಿಕೊಂಡು ಅವ್ವನ ಹೆಸರು ಬರೆಸಿದರು. ಬಾಟಲಿಗಳು ಆ ಶಾಲೆಯ ಪ್ರಯೋಗಾಲಯದ ಬೀರುವಿನಲ್ಲಿವೆ.